ಕರು ತೂಗಿದ ವರ್ಷ

ಜನವರಿ 14

ಕೊಳವೆಬಾವಿ ಸಂಘದ ಮೂವರೂ ಇಂದು ನಿಯಮಪತ್ರಕ್ಕೆ ಸಹಿ ಹಾಕಿದೆವು: ಅಧ್ಯಕ್ಷರಾದ ಹಿರಿಯ ರಾಮೊತ್ವಾ, ನನ್ನ ಹೆಂಡತಿಯ ತಮ್ಮ ತಿರೆಲೊ ಮತ್ತು ನಾನು. ಬೇಲಿಯಿಲ್ಲದ ಒಂದೇ ಬಯಲಿನಲ್ಲಿ ಮೇದು, ಒಂದೇ ತೊಟ್ಟಿಯ ನೀರು ಕುಡಿಯುವ ದನಗಳ ನಡುವೆ ಎರಡು ತಳಿಯ ಹೋರಿಗಳಿರುವುದು ಸಲ್ಲದು. ಒಂದು ಹೋಗಲೇಬೇಕು. ಹೋಗಬೇಕಾದದ್ದು ನನ್ನ ಸಿಮೆಂಟಲ್ ಹೋರಿಯೋ ತಿರೆಲೊನ ಬ್ರಾಹ್ಮನ್ ಹೋರಿಯೋ ಎಂಬುದನ್ನು ಬಾಯಿಮಾತಿನಿಂದಲ್ಲ, ತಕ್ಕಡಿಯಿಂದ ತೀರ್ಮಾನಿಸಬೇಕೆಂದು ಸೂಚಿಸಿದವನು ನಾನೇ.

ನನ್ನ ಕಡೆಯಿಂದ ಹದಿನೈದು ಕೆಂಪು ಸಿಮೆಂಟಲ್ ಬೆರಕೆ ಹಸುಗಳು, ಅವನ ಕಡೆಯಿಂದ ಹದಿನೈದು ಬ್ರಾಹ್ಮನ್ ಬೆರಕೆ ಹಸುಗಳು. ಮೇ ತಿಂಗಳ ಕೊನೆಯಲ್ಲಿ ಕರುಗಳಿಗೆ ಹಾಲು ಬಿಡಿಸುವ ದಿನ ಅವುಗಳನ್ನು ತೂಗಿ, ಒಟ್ಟು ತೂಕವನ್ನು ಹದಿನೈದರಿಂದ ಭಾಗಿಸತಕ್ಕದ್ದು. ಈಯದ ಹಸುವನ್ನು ಬಿಟ್ಟು ಲೆಕ್ಕ ಹಾಕೋಣವೆಂದ ತಿರೆಲೊನ ಮಾತನ್ನು ನಾನು ಒಪ್ಪಲಿಲ್ಲ. ವರ್ಷವಿಡೀ ಹುಲ್ಲು ತಿಂದು ಕರು ಕೊಡದ ಹಸು, ಹಾಜರಿ ಪಡೆದು ಪರೀಕ್ಷೆ ಬರೆಯದ ವಿದ್ಯಾರ್ಥಿಯಿದ್ದಂತೆ. ಅದನ್ನು ಸರಾಸರಿಯಿಂದ ತೆಗೆದುಹಾಕುವುದು ಅಪ್ರಾಮಾಣಿಕತೆ.

ಮೂರನೆಯ ನಿಯಮ: ಈ ಮೂವತ್ತು ಹಸುಗಳನ್ನು ಹಾಲು ಬಿಡಿಸುವ ದಿನದವರೆಗೆ ಕರೆಯಕೂಡದು. ಏಳನೆಯದು: ನಿಯಮ ಮುರಿದ ಪಕ್ಷದ ಹೋರಿ ಹಟ್ಟಿಯಿಂದ ಹೊರಕ್ಕೆ.

"ಭಾವ, ಇದು ದನದ ವಿಷಯಾನೋ ಮದುವೆ ಕರಾರೋ?" ಎಂದ ತಿರೆಲೊ. "ಇಷ್ಟು ನಿಯಮ ಹಸುಗಳಿಗೆ ಓದಿ ಹೇಳೋರು ಯಾರು?"

ಸಹಿ ಹಾಕುವಾಗಲೂ ನಗುತ್ತಿದ್ದ. ಸೋಲಬಹುದೆಂದು ತಿಳಿದವನು ಹಾಗೆ ನಗುವುದಿಲ್ಲ. ಅವನ ಬಳಿ ಏನೋ ಉಪಾಯವಿರಬೇಕು.

ನಿಯಮಗಳನ್ನು ನಾನೇ ದನಗಾಹಿ ಬಾಶಿಗೆ ಓದಿ ಹೇಳಿದೆ. ಅವನು ಹನ್ನೊಂದು ವರ್ಷಗಳಿಂದ ನಮ್ಮ ಹಟ್ಟಿಯಲ್ಲಿದ್ದಾನೆ. ನಾವು ಸೆರೊವೆ ಪಟ್ಟಣದಲ್ಲಿ, ದನಗಳು ಎರಡು ಗಂಟೆಯ ಮರಳುದಾರಿಯಾಚೆ, ನಡುವೆ ಅವನೊಬ್ಬನೇ. ಹಾಲು ಕುಡಿಯುವುದು ದನಗಾಹಿಯ ಹಕ್ಕಾದ್ದರಿಂದ ತಕರಾರು ಮಾಡುವನೆಂದುಕೊಂಡಿದ್ದೆ.

"ಆಯ್ತು ಮೇಷ್ಟ್ರೇ. ನಾನು ಕುಡಿಯಲ್ಲ, ದಾರಿಹೋಕರಿಗೂ ಕೊಡಲ್ಲ. ಕರೀ ಚಹಾದಲ್ಲೇ ಕಳೀತೀನಿ" ಎಂದ.

ಎಷ್ಟು ಬೇಗ ಒಪ್ಪಿದ! ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವ ಹುಡುಗರನ್ನು ಮೂವತ್ತೆಂಟು ವರ್ಷ ನೋಡಿದ್ದೇನೆ.

ಫೆಬ್ರವರಿ 9

ಮೊದಲ ತೂಕ. ನನ್ನವು ಹದಿಮೂರು ಕರುಗಳು, ಸರಾಸರಿ ತೊಂಬತ್ತೆಂಟು ಕಿಲೋ. ತಿರೆಲೊನವು ಹನ್ನೆರಡು, ಸರಾಸರಿ ನೂರಾ ನಾಲ್ಕು.

ಇದು ಸಾಧ್ಯವೇ ಇಲ್ಲ. ಸಿಮೆಂಟಲ್ ಬೆರಕೆಯ ಕೆಚ್ಚಲು ನೋಡಿದವರಿಗೆ ಅದು ಗೊತ್ತು. ಮಳೆಯೂ ಕೈಕೊಟ್ಟಿಲ್ಲ, ಹುಲ್ಲು ಮೊಣಕಾಲೆತ್ತರಕ್ಕಿದೆ. ತಕ್ಕಡಿಯನ್ನು ಐವತ್ತು ಕಿಲೋ ಹಿಟ್ಟಿನ ಮೂಟೆಯಿಟ್ಟು ಎರಡು ಬಾರಿ ಪರೀಕ್ಷಿಸಿದೆ. ತಕ್ಕಡಿಯಲ್ಲಿ ದೋಷವಿಲ್ಲ. ಹಾಗಾದರೆ ದೋಷ ಮನುಷ್ಯರಲ್ಲಿರಬೇಕು.

ಮನೆಗೆ ಬಂದಾಗ ನನ್ನ ಹೆಂಡತಿ, ಬೊನೊಲೊಳ ತಾಯಿ, ಜೋಳದ ಗಂಜಿಗೆ ಮದಿಲಾ ಹಾಕಿಕೊಟ್ಟಳು. ಪ್ರತಿ ಭಾನುವಾರದಂತೆ ಹಟ್ಟಿಯಿಂದ ಬಿಳಿ ಡಬ್ಬಿಯಲ್ಲಿ ಬಂದದ್ದು. ಈ ವರ್ಷದ ಹುಳಿಮೊಸರು ಅಸಾಧಾರಣವಾಗಿದೆ, ಚಮಚ ನಿಲ್ಲಿಸಿದರೆ ಬೀಳದಷ್ಟು ಗಟ್ಟಿ. ಪರೀಕ್ಷೆಗೆ ಸೇರದ ನನ್ನ ನಾಲ್ಕು ಮುದಿ ತ್ಸ್ವಾನಾ ನಾಟಿ ಹಸುಗಳು ಇನ್ನೂ ಇಂಥ ಹಾಲು ಕೊಡುತ್ತವೆಂದರೆ ಅವುಗಳ ಯೋಗ್ಯತೆ ದೊಡ್ಡದು. ಎರಡು ಬಟ್ಟಲು ತಿಂದೆ.

ಮಾರ್ಚ್ 2

ತಿರೆಲೊ ತನ್ನ ಹಸುಗಳಿಗೆ ಗುಟ್ಟಾಗಿ ಮೈ ತುಂಬಿಸುವ, ನೆಕ್ಕುವ ಉಪ್ಪಿನ ಗಡ್ಡೆ ಕೊಡುತ್ತಿದ್ದಾನೆಂಬ ಸಂಶಯದಿಂದ, ಅವನು ಬಾವಿಯ ಯಂತ್ರಕ್ಕೆ ಡೀಸೆಲ್ ಸುರಿಯುತ್ತಿದ್ದಾಗ ಅವನ ಪಿಕಪ್ಪಿನ ಹಿಂಭಾಗದ ಟಾರ್ಪಾಲು ಸರಿಸಿ ನೋಡಿದೆ. ಹೆಚ್ಚುವರಿ ಚಕ್ರ ಒಂದು, ಎಲೆಕೋಸು ಆರು.

"ಏನು ಭಾವ, ಎಲೆಕೋಸಿಗೂ ತೂಕ ಹಾಕ್ತೀರಾ?" ಎಂದು ಬೆನ್ನ ಹಿಂದೆ ದನಿ ಕೇಳಿಸಿತು.

"ಟಾರ್ಪಾಲಿನ ಹಗ್ಗ ಸಡಿಲವಾಗಿತ್ತು, ಬಿಗಿಯುತ್ತಿದ್ದೆ" ಎಂದೆ.

"ಬಿಗೀರಿ, ಬಿಗೀರಿ. ಎರಡು ಎಲೆಕೋಸು ಅಕ್ಕಂಗೆ ತಗೊಂಡ್ಹೋಗಿ. ಬರೆದಿಟ್ಕೊಳ್ಳಿ, ಇಲ್ಲಾಂದ್ರೆ ಕದ್ದೆ ಅಂತ ನಿಮ್ಮೇಲೆ ನಿಮಗೇ ಅನುಮಾನ ಬರುತ್ತೆ."

ಹಾಸ್ಯವು ಎಷ್ಟೋ ವೇಳೆ ಪರದೆಯಾಗಿರುತ್ತದೆ.

ಏಪ್ರಿಲ್ 5

ಎರಡನೆಯ ತೂಕ. ನನ್ನವು ನೂರಾ ಮೂವತ್ತೊಂಬತ್ತು, ಅವನವು ನೂರಾ ಐವತ್ತೆರಡು. ಅಂತರ ಎರಡು ಪಟ್ಟಿಗೂ ಮೀರಿದೆ.

ಉಪ್ಪಿನ ಊಹೆಯನ್ನು ಕೈಬಿಟ್ಟೆ. ಎರಡೂ ಗುಂಪಿನ ಹಸುಗಳ ಮೈ ಸಮನಾಗಿಯೇ ತುಂಬಿದೆ. ಕೊರತೆಯಿರುವುದು ನನ್ನ ಕರುಗಳಲ್ಲಿ ಮಾತ್ರ. ಅಂದರೆ ಹುಲ್ಲು ಹಸುವಿನ ಹೊಟ್ಟೆ ಸೇರುತ್ತಿದೆ, ಹಾಲು ಕರುವಿನ ಹೊಟ್ಟೆ ಸೇರುತ್ತಿಲ್ಲ. ಯಾರೋ ಕರೆಯುತ್ತಿದ್ದಾರೆ. ಹಟ್ಟಿಯಲ್ಲಿ ಕೈಯಿರುವ ಪ್ರಾಣಿ ಒಂದೇ.

ಹೊಸ ರಸ್ತೆಯ ಕೆಲಸದವರು ಹಟ್ಟಿಯಿಂದ ಒಂದು ಗಂಟೆಯ ನಡಿಗೆಯಲ್ಲಿ ಡೇರೆ ಹಾಕಿದ್ದಾರೆ. ಮೂವತ್ತು ಜನ, ಎಲ್ಲರಿಗೂ ಚಹಾ ಬೇಕು. ಇಷ್ಟು ಸಾಕು.

ಇನ್ನೊಂದು ಟಿಪ್ಪಣಿ: ನನ್ನ ನಾಲ್ಕು ಮುದಿ ಹಸುಗಳೂ ಬತ್ತಿಹೋಗಿವೆ, ಕೆಚ್ಚಲು ಒಣಗಿದ ಚೀಲದಂತಾಗಿದೆ. ಚಳಿಗಾಲಕ್ಕೆ ಮುಂಚೆ ಕಸಾಯಿಖಾನೆಯ ಲಾರಿಗೆ ಹತ್ತಿಸಬೇಕು.

ಏಪ್ರಿಲ್ 6

ಡೇರೆಗೆ ಹೋಗಿ ಅಡುಗೆಯವನನ್ನು ಕಂಡೆ. ಹಾಲು ಎಲ್ಲಿಂದ ಬರುತ್ತದೆಂದು ಕೇಳಿದೆ. ಹಾಲಿನ ಪುಡಿಯ ದೊಡ್ಡ ಡಬ್ಬ ತೋರಿಸಿದ.

"ದನಗಾಹಿ ಬಾಶಿಯನ್ನು ಬಲ್ಲೆಯಾ?"

"ಬಲ್ಲೆ. ಒಂದ್ಸಲ ಒಂದು ಲೋಟ ಹಾಲು ಕೇಳಿದ್ದೆ ತಾತ. ನಮ್ಮ ಮೇಷ್ಟ್ರು ಬೇಡ ಅಂದಿದಾರೆ ಅಂತ ಕೊಡ್ಲೇ ಇಲ್ಲ. ಆ ಮೇಷ್ಟ್ರು ಯಾರೋ, ಮಹಾ ಜಿಪುಣ ಇರಬೇಕು."

ಇಬ್ಬರೂ ಮೊದಲೇ ಮಾತಾಡಿಕೊಂಡಿರುವುದು ಸ್ಪಷ್ಟ. ಕೇಳದ ಪ್ರಶ್ನೆಗೂ ಉತ್ತರ ಸಿದ್ಧವಿತ್ತು.

ಏಪ್ರಿಲ್ 26

ಕೊನೆಗೂ ವೈಜ್ಞಾನಿಕವಾದ ಒಂದು ವಿಧಾನ ಹೊಳೆಯಿತು.

ಸಂಜೆ, ಕರುಗಳನ್ನು ಕತ್ತೆಕಿರುಬಗಳ ಭಯದಿಂದ ಬೇರೆ ದೊಡ್ಡಿಗೆ ಕೂಡಿದ ಮೇಲೆ, ಬಾಶಿ ಬಾವಿಯ ಕಡೆಗೆ ಹೋದ. ಆ ಸಮಯ ನೋಡಿ ನನ್ನ ಆರು ಹಸುಗಳ ಮೊಲೆತೊಟ್ಟುಗಳಿಗೆ ಲಾಟೀನಿನ ಮಸಿಗೆ ಕೊಬ್ಬು ಬೆರೆಸಿ ಹಚ್ಚಿದೆ. ನನ್ನ ಹಸುಗಳು ಸಾಧು, ಅಲುಗಾಡಲಿಲ್ಲ. ಹೋಲಿಕೆಗಾಗಿ ತಿರೆಲೊನ ಒಂದು ಬ್ರಾಹ್ಮನ್ ಬೆರಕೆಗೂ ಹಚ್ಚಲು ಹೋಗಿ ತೊಡೆಗೆ ಒದೆ ತಿಂದೆ. ಅದರ ವಿಷಯ ಯಾರಿಗೂ ಹೇಳತಕ್ಕದ್ದಲ್ಲ.

ಏಪ್ರಿಲ್ 27

ಒದೆಯ ನೋವಿನಿಂದ ಏಳುವುದು ತಡವಾಯಿತು, ಬಿಸಿಲು ಬಂದಿತ್ತು. ಆದರೆ ಕರುಗಳನ್ನು ಇನ್ನೂ ಬಿಟ್ಟಿರಲಿಲ್ಲ. ಕುಂಟುತ್ತ ಹೋಗಿ ನೋಡಿದೆ. ಆರರಲ್ಲಿ ನಾಲ್ಕು ಹಸುಗಳಿಗೆ ಎರಡು ತೊಟ್ಟುಗಳು ಕಪ್ಪಗಿದ್ದವು, ಎರಡು ತೊಟ್ಟುಗಳು ಶುಭ್ರವಾಗಿದ್ದವು.

ಎರಡನ್ನು ಕರೆದು, ಎರಡನ್ನು ಕರುವಿಗೆ ಬಿಡುವುದು ದನಗಾಹಿಗಳ ಪದ್ಧತಿ. ಬೇರೆ ಸಾಕ್ಷಿ ಬೇಕಿಲ್ಲ.

ಬಾಶಿ ಒಲೆಯ ಬಳಿ ಕರೀ ಚಹಾ ಕಾಯಿಸುತ್ತಿದ್ದ. ಅವನ ಅಂಗೈಗಳಲ್ಲಿ ಮಸಿ. "ಮೇಷ್ಟ್ರೇ, ನಿಮ್ಮ ಹಸುಗಳಿಗೆ ಅದೇನೋ ಕಪ್ಪು ಚರ್ಮರೋಗ ಬಂದಂಗಿದೆ, ನೋಡಿದ್ರಾ?" ಎಂದು ಅವನೇ ಕೇಳಿದ! ಇಂಥ ಧೈರ್ಯವನ್ನು ಎಲ್ಲಿಯೂ ಕಂಡಿಲ್ಲ. ನೋಡಿದೆನೆಂದಷ್ಟೇ ಹೇಳಿ ಸುಮ್ಮನಾದೆ. ಆರೋಪವನ್ನು ಸಭೆಯಲ್ಲಿ ಹೊರಿಸಬೇಕೇ ಹೊರತು ಒಲೆಯ ಮುಂದೆ ಅಲ್ಲ.

ಹೊರಡುವಾಗ ಅವನೇ ಬಿಳಿ ಡಬ್ಬಿಯನ್ನು ಪಿಕಪ್ಪಿನಲ್ಲಿಟ್ಟು, ಚೆಲ್ಲದಂತೆ ಗೋಣಿಚೀಲ ಒತ್ತಿದ. "ಅಮ್ಮಾವ್ರಿಗೆ ಹೇಳಿ, ಈ ವಾರದ್ದು ಇನ್ನೊಂದಿನ ಹುಳಿ ಬರ್ಲಿ" ಎಂದ.

ಮೇ 11

ತೊಡೆಯ ನೋವು ಕಡಿಮೆ. ಬೊನೊಲೊಳ ತಾಯಿಗೆ ಜಾರಿ ಬಿದ್ದೆನೆಂದು ಹೇಳಿದ್ದೇನೆ. ಕಾಡುಕಲ್ಲಂಗಡಿ ಬೇಯಿಸಿ ಮದಿಲಾ ಕೂಡಿಸಿದ ಗಂಜಿ ಮಾಡಿದ್ದಳು. ಅದ್ಭುತ.

ಮೇ 30

ಹಾಲು ಬಿಡಿಸುವ ದಿನ. ಕರುಗಳ ಕೂಗಿನಿಂದ ಕಿವಿ ಕಿವುಡಾಯಿತು.

ನನ್ನ ಹದಿಮೂರು ಕರುಗಳು ಸರಾಸರಿ ನೂರಾ ಅರವತ್ತೆಂಟು. ಅವನ ಹನ್ನೆರಡು ನೂರಾ ಎಂಬತ್ತನಾಲ್ಕು. ಹದಿನೈದರಿಂದ ಭಾಗಿಸಿದರೆ ನನ್ನ ಪ್ರತಿ ಹಸುವಿಗೆ ನೂರಾ ನಲವತ್ತೈದು ಮುಕ್ಕಾಲು ಕಿಲೋಗೂ ಕಡಿಮೆ, ಅವನ ಪ್ರತಿ ಹಸುವಿಗೆ ನೂರಾ ನಲವತ್ತೇಳು ದಾಟಿತು. ಒಂದು ಕರು ಹೆಚ್ಚು ಹುಟ್ಟಿಸಿಯೂ, ಎರಡು ಕಿಲೋಗೂ ಕಡಿಮೆ ಅಂತರದಲ್ಲಿ ಸೋಲು.

ತಿರೆಲೊ ಟೋಪಿ ಎಸೆದು ಕುಣಿಯುವ ಮೊದಲು ನಾನು ಎದ್ದು ನಿಂತೆ. ಮರದ ಕೆಳಗೆ ಹಿರಿಯ ರಾಮೊತ್ವಾ ತಮ್ಮ ಮಡಿಸುವ ಕುರ್ಚಿಯಲ್ಲಿ ಕೂತಿದ್ದರು. ಅಕ್ಕಪಕ್ಕದ ಹಟ್ಟಿಗಳಿಂದ ಬಂದ ಹತ್ತಾರು ಗಂಡಸರಿದ್ದರು. ಬಾಶಿಯನ್ನು ಕರೆಸಿ ನಡುವೆ ನೆಲದ ಮೇಲೆ ಕೂರಿಸಿದರು. ಮಸಿಯ ವೃತ್ತಾಂತವನ್ನು ಆದಿಯಿಂದ ಅಂತ್ಯದವರೆಗೆ, ಒಂದು ಪದವೂ ತೊಡರದಂತೆ ವಿವರಿಸಿದೆ.

ರಾಮೊತ್ವಾ ಕೇಳಿದರು: "ಬಾಶಿ, ಮೇಷ್ಟ್ರ ಹಸು ಕರೆದಿದ್ದು ಹೌದೇನಪ್ಪಾ?"

"ಹೌದು ಅಜ್ಜ."

"ಎಷ್ಟು ದಿನದಿಂದ?"

"ಜನವರಿಯಿಂದ. ದಿನಾ ನಾಕೈದು ಹಸು, ಸರದಿ ಮೇಲೆ. ತಿರೆಲೊ ಅವ್ರ ಹಸು ಮುಟ್ಟಿಲ್ಲ, ಅವು ಒದೀತಾವೆ, ಹಾಲೂ ಇಳಿಸಲ್ಲ."

"ಕುಡಿದಿದ್ದು ನೀನೇನಾ?"

"ಒಂದು ಹನೀನೂ ಇಲ್ಲ."

"ಮಾರಿದೆಯೇನು?" ಎಂದೆ ನಾನು. ಇಲ್ಲವೆಂದು ತಲೆಯಾಡಿಸಿದ.

"ಮತ್ತೆ ಆ ಹಾಲು ಎಲ್ಲಿ ಹೋಯಿತು? ಆವಿಯಾಯಿತೆ?"

ಅವನು ಒಮ್ಮೆ ನನ್ನ ಮುಖ ನೋಡಿದ, ಬಹಳ ಹೊತ್ತು. ಆಮೇಲೆ ನೆಲ ನೋಡಿದ. "ಅದನ್ನ ಇಷ್ಟು ಜನರ ಮುಂದೆ ನನ್ನ ಬಾಯಲ್ಲಿ ಹೇಳಿಸಬೇಡಿ ಮೇಷ್ಟ್ರೇ. ಹಿರೀರು ನೀವು."

ತಿರೆಲೊ ಎದ್ದ. "ಭಾವ, ಹನ್ನೊಂದು ವರ್ಷ! ಬರಗಾಲದಲ್ಲಿ ಬಿದ್ದ ಹಸುಗಳನ್ನ ಹೆಗಲು ಕೊಟ್ಟು ಎಬ್ಬಿಸಿದೋನು ಇವ್ನು. ಗೆದ್ದಿದ್ದು ಬೇಡ ನನಗೆ, ಮತ್ತೊಂದು ವರ್ಷ ತೂಗೋಣ. ಇವನನ್ನ ಬಿಟ್ಬಿಡಿ."

ಗೆಲುವನ್ನು ಬಿಟ್ಟುಕೊಡುವಷ್ಟು ಆತುರ ಏಕೆ? ಅವನೂ ಇದರಲ್ಲಿ ಪಾಲುದಾರನಿರಬಹುದೆಂದು ಆಗ ನನಗೆ ಅನಿಸಿತು.

ತೀರ್ಮಾನ: ಬಾಶಿ ನಾಳೆಯೇ ಹಟ್ಟಿ ಬಿಡತಕ್ಕದ್ದು. ಈ ವರ್ಷದ ಕೂಲಿಯಾಗಿ ಅವನಿಗೆ ಸಲ್ಲಬೇಕಾದ ಕಡಸು ಸಲ್ಲದು. ಹೋರಿಯ ವಿಷಯ ಮುಂದಿನ ಸಭೆಗೆ.

ಮೇ 31

ಅವನು ಒಂದು ಗಂಟು, ಒಂದು ಕೆಟಲು ಹಿಡಿದು ರಸ್ತೆಯ ಕಡೆ ನಡೆದನಂತೆ. ಹಸುಗಳು ಬಹುದೂರದ ತನಕ ಹಿಂಬಾಲಿಸಿದವೆಂದು ತಿರೆಲೊ ಹೇಳಿದ. ಹೇಳುವಾಗ ನನ್ನ ಕಡೆ ನೋಡಲಿಲ್ಲ. ನ್ಯಾಯವು ಸುಖಕರವಾಗಿರಬೇಕೆಂದು ಎಲ್ಲಿಯೂ ಬರೆದಿಲ್ಲ.

ಜೂನ್ 8

ಭಾನುವಾರ. ಬಿಳಿ ಡಬ್ಬಿ ಖಾಲಿ ಬಂತು.

"ಇದೇನ್ರೀ, ಮದಿಲಾ ಎಲ್ಲಿ?" ಎಂದಳು ಬೊನೊಲೊಳ ತಾಯಿ.

ಬಾಶಿಯನ್ನು ದುರ್ನಡತೆಗಾಗಿ ತೆಗೆದದ್ದನ್ನಷ್ಟೇ ಅವಳಿಗೆ ತಿಳಿಸಿದ್ದೆ. ಸಭೆಯ ವಿವರ ಮನೆಯಲ್ಲಿ ಹೇಳುವ ಅಭ್ಯಾಸ ನನಗಿಲ್ಲ. ಹೊಸ ದನಗಾಹಿಗೆ ರೂಢಿಯಿಲ್ಲ, ಮುದಿ ಹಸುಗಳನ್ನು ಕರೆಯಲು ಹೇಳಿಕಳಿಸುತ್ತೇನೆ ಎಂದೆ.

"ಯಾವ ಮುದಿ ಹಸು?"

"ನಾಲ್ಕು ತ್ಸ್ವಾನಾ ಹಸುಗಳು. ಈವರೆಗೆ ಹಾಲು ಬಂದದ್ದು ಅವುಗಳದ್ದೇ ಅಲ್ಲವೆ?"

ಅವಳು ಡಬ್ಬಿಯನ್ನು ನೆಲದ ಮೇಲಿಟ್ಟಳು. "ಅವು ಹೋದ ವರ್ಷದ ಕೊನೇಲೇ ಬತ್ತಿದ್ವು. ಬಾಶಿ ಆವಾಗ್ಲೇ ಹೇಳಿ ಕಳಿಸಿದ್ದ, ಇನ್ಮೇಲೆ ಮೇಷ್ಟ್ರ ಕೆಂಪು ಹಸುಗಳದ್ದು ಕಳಿಸ್ತೀನಿ ಅಂತ. ಇಷ್ಟು ದನ ಇರೋ ಮನೇಲಿ ಹಾಲಿಲ್ಲ ಅಂದ್ರೆ ಯಾವ ದನಗಾಹಿ ಮರ್ಯಾದೆ ಉಳಿಯುತ್ತೆ? ಯಜಮಾನನ ಮನೆ ಪಾಲು ಮೊದ್ಲು, ಆಮೇಲೆ ಅಲ್ವಾ ತನ್ನದು?"

"ಮೂರನೆಯ ನಿಯಮದಲ್ಲಿ ಕರೆಯಕೂಡದೆಂದು ಬರೆದಿತ್ತು."

"ನಿಮ್ಮ ನಿಯಮ ನೀವು ಓದಿದ್ದು ಅವನಿಗೆ. ಅವನು ಕುಡೀಲಿಲ್ಲ. ಕೂಡ್ದು ಅಂತಿದ್ರೆ ನೀವು ತಿನ್ನೋದು ಬಿಡ್ತಿದ್ರಿ ಅಂದ್ಕೊಂಡಿರ್ತಾನೆ. ವಾರಾ ವಾರಾ ಡಬ್ಬಿ ಖಾಲಿ ಮಾಡಿ ಕಳಿಸ್ತಿದ್ರಲ್ಲ, ಅದೇ ಅಪ್ಪಣೆ ಅವನಿಗೆ. ಯಾಕೆ? ಏನಾಯ್ತು?"

ನಾನು ಎದ್ದು ಒಳಗೆ ಹೋದೆ. ಈ ಪುಸ್ತಕವನ್ನು ಹಿಂದಕ್ಕೆ ತಿರುವಿ ಓದಿದೆ. ಏಪ್ರಿಲ್ ಐದರಂದು ಮುದಿ ಹಸುಗಳು ಬತ್ತಿವೆಯೆಂದು ನನ್ನದೇ ಅಕ್ಷರದಲ್ಲಿದೆ. ಮೇ ಹನ್ನೊಂದರಂದು "ಅದ್ಭುತ" ಎಂದು ನನ್ನದೇ ಅಕ್ಷರದಲ್ಲಿದೆ. ಇಂಥ ಉತ್ತರಪತ್ರಿಕೆ ಬರೆದ ವಿದ್ಯಾರ್ಥಿಗೆ ನಾನು ಎಷ್ಟು ಅಂಕ ಕೊಡುತ್ತಿದ್ದೆ?

ಜೂನ್ 9

ಊಟ ಸೇರಲಿಲ್ಲ.

ಜೂನ್ 11

ಬಾಶಿ ರಸ್ತೆಯಂಚಿನ ಹಳ್ಳಿಯಲ್ಲಿ ತನ್ನ ತಂಗಿಯ ಮನೆಯಲ್ಲಿದ್ದಾನೆ. ಅಂಗಳದಲ್ಲಿ ಕೂತು ಹಸಿ ಚರ್ಮವನ್ನು ಹಗ್ಗವಾಗಿ ಹೊಸೆಯುತ್ತಿದ್ದ. ನಾನು ಎರಡು ಪುಟಗಳ ಕ್ಷಮಾಪಣೆಯನ್ನು ಬರೆದುಕೊಂಡು ಹೋಗಿದ್ದೆ. ಓದಲು ಜೇಬಿನಿಂದ ಕನ್ನಡಕ ತೆಗೆದೆ.

"ಕಾಗದ ಒಳಗಿಡಿ ಮೇಷ್ಟ್ರೇ. ಎರಡು ಪುಟ ಕೇಳೋಕೆ ನನಗೆ ಪುರುಸೊತ್ತಿಲ್ಲ."

"ನಾನು ತಪ್ಪು ಮಾಡಿದೆ."

"ಗೊತ್ತು. ನನಗೆ ಗೊತ್ತಿರೋದನ್ನ ನನಗೇ ಹೇಳಿದ್ರೆ ಏನು ಬಂತು? ಕಳ್ಳ ಅಂತ ಎಲ್ಲಿ ಅಂದ್ರೋ ಅಲ್ಲೇ ಹೇಳಿ. ಅದೇ ಮರದ ಕೆಳಗೆ, ಅವರೇ ಇರ್ಬೇಕು."

"ಅಂದೇ ನೀನು ಹೇಳಬಹುದಿತ್ತಲ್ಲ?"

ಅವನು ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಎಳೆದ. "ಏನಂತ ಹೇಳ್ಲಿ? ಮೇಷ್ಟ್ರು ತಾವೇ ತಿಂದು, ಮರೆತು, ನನ್ನ ಕೇಳ್ತಿದಾರೆ ಅಂತಾನಾ? ನನ್ನ ತಂಗಿ ಮಕ್ಕಳು ನಿಮ್ಮ ಶಾಲೇಲಿ ಓದಿದೋರು. ನಿಮ್ಮನ್ನ ನೋಡಿ ನಗೋರ ಮಧ್ಯೆ ನಾನು ಕೂತ್ಕೊಳ್ಳೋದು ಆಗ್ತಿರ್ಲಿಲ್ಲ."

ಅವನ ತಂಗಿ ಚಹಾ ತಂದಳು. ಅದರಲ್ಲಿ ಹಾಲಿರಲಿಲ್ಲ. ನಾನು ಕುಡಿದೆ.

ಉತ್ತರದ ಕಡೆಯ ಇನ್ನೊಂದು ಹಟ್ಟಿಯವರು ಅವನನ್ನು ಕರೆದಿದ್ದಾರೆ. ತಿಂಗಳ ಕೊನೆಗೆ ಹೋಗುತ್ತಾನಂತೆ. ಅದು ನಿಜವೋ, ನನ್ನನ್ನು ಆತುರಪಡಿಸಲು ಹೇಳಿದ್ದೋ ತಿಳಿಯದು. ಎರಡಾದರೂ ಸರಿಯೆ.

ಜೂನ್ 20

ಸಭೆ ಕರೆಸಿದೆ. ಕಳೆದ ಸಲಕ್ಕಿಂತ ಹೆಚ್ಚು ಜನ, ಸುದ್ದಿ ಹರಡಿತ್ತು. ಜೂನ್ ತಿಂಗಳ ನಡುಚಳಿಗಾಲ, ಎಲ್ಲರೂ ಕೋಟು ಹೊದ್ದು ಕುಗ್ಗಿ ಕೂತಿದ್ದರು. ಬಾಶಿ ಹಿಂದೆ ನಿಂತಿದ್ದ.

ನಾನು ನನ್ನ ಕುರ್ಚಿಯನ್ನು ಬಿಟ್ಟು ನಡುವೆ ನೆಲದ ಮೇಲೆ ಕೂತೆ. ರಾಮೊತ್ವಾ "ಏಳು ಮಗಾ, ಮಣ್ಣು ತಣ್ಣಗಿದೆ" ಎಂದರು. ಏಳಲಿಲ್ಲ. ಹಾಲು ನನ್ನ ಮನೆಗೆ ಬಂದಿತ್ತು, ತಿಂದವನು ನಾನು, ಬಾಶಿ ಪದ್ಧತಿಯಂತೆ ನಡೆದುಕೊಂಡ, ಅವನು ಕಳ್ಳನಲ್ಲ ಎಂದೆ. ಇನ್ನೂ ಹೇಳಬೇಕೆಂದು ಸಿದ್ಧಪಡಿಸಿದ್ದ ವಾಕ್ಯಗಳು ಬರಲಿಲ್ಲ.

ಮೊದಲು ನಕ್ಕವನು ತಿರೆಲೊ. "ಅಯ್ಯೋ ಭಾವ! ಕರುಗಳ ತೂಕ ಎಲ್ಲಿ ಹೋಯ್ತು ಅಂತ ನಾಕು ತಿಂಗಳು ಹುಡುಕಿದ್ರಲ್ಲ, ಒಂದ್ಸಲ ನೀವೇ ತಕ್ಕಡಿ ಹತ್ತಿದ್ರೆ ಸಾಕಿತ್ತು!"

ಮರದ ಕೆಳಗಿನ ಎಲ್ಲರೂ ನಕ್ಕರು. ಬಾಶಿ ನಗಲಿಲ್ಲ.

ಏಳನೆಯ ನಿಯಮವನ್ನು ನಾನೇ ಓದಿ ಹೇಳಿದೆ: ನಿಯಮ ಮುರಿದ ಪಕ್ಷದ ಹೋರಿ ಹೊರಕ್ಕೆ. ಬೇಡ ಬಿಡಿ, ಮುಂದಿನ ವರ್ಷ ಮತ್ತೆ ತೂಗೋಣ ಎಂದು ತಿರೆಲೊ ಗೋಗರೆದ. ನನ್ನ ಹೋರಿ ಶನಿವಾರ ಲಾರಿ ಹತ್ತುತ್ತದೆ. ಬಾಶಿಯ ಕಡಸನ್ನು ನನ್ನ ಕೆಂಪು ಹಸುಗಳ ಸಾಲಿನಿಂದ ಅವನೇ ಆರಿಸಿಕೊಳ್ಳಲಿ ಎಂದೆ. ಆರಿಸಿಕೊಂಡ. ಅತ್ಯುತ್ತಮವಾದದ್ದನ್ನೇ.

"ಹಟ್ಟಿಗೆ ವಾಪಸ್ ಬರ್ತೀಯೇನಪ್ಪಾ?" ಎಂದು ರಾಮೊತ್ವಾ ಕೇಳಿದರು.

"ಬರ್ತೀನಿ ಅಜ್ಜ. ಒಂದು ಮಾತಿದೆ."

"ಹೇಳು."

"ಮಳೆ ಬೀಳೋವರೆಗೂ ಮೇಷ್ಟ್ರು ಹಟ್ಟಿಗೆ ಬರಬಾರ್ದು."

ಯಜಮಾನನನ್ನು ಅವನದೇ ದನಗಳಿಂದ ದೂರವಿಡುವ ದನಗಾಹಿಯನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ನಾಲ್ಕು ತಿಂಗಳು! ಅಷ್ಟರಲ್ಲಿ ಏನೇನು ನಡೆಯಬಹುದೆಂಬ ಪಟ್ಟಿಯೊಂದು ನನ್ನ ಮನಸ್ಸಿನಲ್ಲಿ ತಾನಾಗಿಯೇ ಸಿದ್ಧವಾಗತೊಡಗಿತು. ಮೂರನೆಯ ಅಂಶಕ್ಕೆ ಬರುವಷ್ಟರಲ್ಲಿ ನಾನು ಒಪ್ಪಿದೆನೆಂದು ಹೇಳಿಬಿಟ್ಟಿದ್ದೆ.

ಜುಲೈ 13

ತಿರೆಲೊ ಹಟ್ಟಿಯಿಂದ ಬರುತ್ತ ಗೇಟಿನ ಬಳಿ ಪಿಕಪ್ ನಿಲ್ಲಿಸಿದ. ಹಿಂಭಾಗದ ಟಾರ್ಪಾಲಿನ ಮೇಲೆ ಇನ್ನೂ ಇಬ್ಬನಿ ಹೆಪ್ಪುಗಟ್ಟಿತ್ತು.

"ಏನು ಭಾವ, ಕೇಳಿ. ಎಷ್ಟು ದನ ಇದೆ, ಯಾವುದು ಸೊರಗಿದೆ, ಯಾರು ಏನು ಕದ್ರು? ಎಲ್ಲ ನೋಡ್ಕೊಂಡು ಬಂದಿದೀನಿ, ನಿಮ್ಮ ಪ್ರಶ್ನೆಗೆ ಹೆದರಿ."

"ರಾತ್ರಿ ಅಲ್ಲಿ ಚಳಿ ಹೇಗಿದೆ?" ಎಂದೆ. "ಬಾಶಿಗೆ ಹೊದೆಯಲು ಏನಾದರೂ ಇದೆಯೆ?"

ತಿರೆಲೊ ಯಂತ್ರ ಆರಿಸಿ ನನ್ನನ್ನು ನೋಡಿದ. "ಇದೆ. ಎರಡು ಕಂಬಳಿ. ಒಂದು ಅವನದು, ಇನ್ನೊಂದು ನಿಮ್ಮ ಹಳೇ ಬೂದು ಕಂಬಳಿ. ಅಕ್ಕ ಕಳಿಸಿದ್ದಂತೆ."

ಅದು ಮನೆಯಿಂದ ಯಾವಾಗ ಹೋಯಿತೆಂದು ನಾನು ವಿಚಾರಿಸಲಿಲ್ಲ.